ಅರೆದು ಬೆರೆಸಿದ್ದು

ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ನಿಂತಿತು. ಅಡುಗೆಮನೆಯಲ್ಲಿ ಆಕೆಯ ಕೈಯೂ ನಿಂತಿತು. ಕುದಿನೀರಿನಲ್ಲಿ ಬಾಡಿಸಿದ ಪಾಲಕ್ ಸೊಪ್ಪು ಜರಡಿಯಲ್ಲಿ ನೀರಿಳಿಸಿಕೊಂಡು ಕೂತಿತ್ತು. ಅದರ ಮೇಲೊಂದು ತಟ್ಟೆ ಮುಚ್ಚಿ, ಈರುಳ್ಳಿ ಹೆಚ್ಚುವವಳ ಹಾಗೆ ಚಾಕು ಹಿಡಿದು ಆಕೆ ಕಿವಿಗೊಟ್ಟಳು. ಗಂಡ ಕೆಮ್ಮಿದ, ದಾರದ ಉಂಡೆ ಬದಲಾಯಿಸಿದ, ಮತ್ತೆ ಮಷೀನು ತುಳಿಯತೊಡಗಿದ. ಅದು ಓಟ ಹಿಡಿದ ಮೇಲೆ ಆಕೆ ಮಿಕ್ಸಿ ಹಾಕಿದಳು. ಎರಡು ಸದ್ದೂ ಒಂದರೊಳಗೊಂದು ಸೇರಿಹೋದವು.

ಅರೆದ ಹಸಿರನ್ನು ಕೊಚ್ಚಿದ ಮಾಂಸಕ್ಕೆ ಹಾಕಿ ಕಲಸಿದರೆ ಬಣ್ಣವೇ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕೆ ಮೊದಲು ಈರುಳ್ಳಿಯನ್ನು ಕಪ್ಪಾಗುವವರೆಗೆ ಹುರಿಯಬೇಕು, ಉಂಡೆ ಕಟ್ಟಿದ ಮೇಲೆ ಹೊರಮೈ ಗಾಢ ಕಂದು ಬರುವ ತನಕ ಬೇಯಿಸಬೇಕು. ಕ್ಯಾರೆಟ್ ಬೇಳೆಯಲ್ಲಿ ಕರಗುತ್ತದೆ, ಕುಂಬಳಕಾಯಿಗಂತೂ ತನ್ನದೇ ಆದ ಮಾನ ಮರ್ಯಾದೆ ಇಲ್ಲ, ಎಲ್ಲಿ ಬೇಕಾದರೂ ಸೇರಿಕೊಳ್ಳುತ್ತದೆ. ಹಠ ಮಾಡುವುದು ಸೊಪ್ಪು ಮಾತ್ರ. ಕಡ್ಡಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿ, ಮೇಲೆ ಮೊಟ್ಟೆಯ ಸಿಪ್ಪೆ ಹರಡಿದಳು. ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಮದುವೆಯಾದ ಹೊಸದರಲ್ಲಿ ದರ್ಜಿ ಗಂಡ ಆಕೆಗೆ ಹಾಕಿದ್ದು ಒಂದೇ ಷರತ್ತು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವನು ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ. ಅಲ್ಲಿ ಮನೆಯವರಿಗೆಲ್ಲ ಒಂದು ಅಡುಗೆ, ಅವನೊಬ್ಬನಿಗೆ ಒಂದು. ಹಿತ್ತಲಲ್ಲಿ ಬೆಳೆದ ಯಾವುದೋ ಸೊಪ್ಪು ಬೇಯಿಸಿ, ಉಪ್ಪು ಹಾಕಿದರೆ ಉಂಟು ಇಲ್ಲದಿದ್ದರೆ ಇಲ್ಲ, ಒಂದು ಮುಕ್ಕಾದ ಬಟ್ಟಲಿನಲ್ಲಿ ಬಾಗಿಲ ಬಳಿ ಇಡುತ್ತಿದ್ದರು. ಒಳಗಿನಿಂದ ಮಾಂಸ ಬೇಯುವ ವಾಸನೆ ಬರುತ್ತಿತ್ತು. ಎಂಟು ವರ್ಷ ಹಾಗೆ ಉಂಡವನು ಆಕೆಯ ಮುಂದೆ ಅದನ್ನು ಹೇಳಿದ್ದು ಒಂದೇ ಸಲ, ಅದೂ ಗೋಡೆ ನೋಡಿಕೊಂಡು. "ಬೇಕಾದ್ರೆ ಉಪವಾಸ ಹಾಕು. ನನ್ನ ತಟ್ಟೇಲಿ ಸೊಪ್ಪು ಸದೆ ಕಾಣ್ಬಾರ್ದು," ಎಂದಿದ್ದ. ಆಯಿತು ಎಂದಿದ್ದಳು. ಕಾಣಬಾರದು ಅಂದಿದ್ದನೇ ಹೊರತು ಇರಬಾರದು ಅಂದಿರಲಿಲ್ಲ ಎಂದು ಮುಂದೆ ತನಗೆ ತಾನೇ ನಗುತ್ತ ಹೇಳಿಕೊಂಡದ್ದುಂಟು.

ಶುರುವಾದದ್ದು ಮಗಳಿಂದ. ಮೂರು ವರ್ಷದ ಕೂಸು ಅಪ್ಪನನ್ನೇ ನೋಡಿ ಕಲಿತು, ತಟ್ಟೆಯಲ್ಲಿ ಏನಾದರೂ ಹಸಿರು ಕಂಡರೆ ತುಟಿ ಬಿಗಿಯುತ್ತಿತ್ತು. ರಕ್ತ ಕಮ್ಮಿ, ತರಕಾರಿ ತಿನ್ನಿಸಿ ಎಂದು ಡಾಕ್ಟರು ಹೇಳಿದ ದಿನ ಆಕೆ ಮೊದಲ ಬಾರಿಗೆ ಸೊಪ್ಪನ್ನು ಅರೆದು ಮಾಂಸದ ಉಂಡೆಗೆ ಬೆರೆಸಿದಳು. ಮಗು ತಿಂದಿತು. ಅದೇ ಪಾತ್ರೆಯಿಂದ ಗಂಡನೂ ಬಡಿಸಿಕೊಂಡ. ಅವನು ಬೆರಳು ಚೀಪಿ, "ಇವತ್ತು ಏನೋ ಬೇರೆ ಮಾಡಿದೀಯ. ಮೆತ್ತಗಿದೆ," ಎಂದು ಇನ್ನೆರಡು ಹಾಕಿಸಿಕೊಂಡ. ಮಗಳು ದೊಡ್ಡವಳಾಗಿ ತಾನಾಗಿಯೇ ತರಕಾರಿ ತಿನ್ನತೊಡಗಿದ ಮೇಲೂ ಆ ಅಭ್ಯಾಸ ನಿಲ್ಲಲಿಲ್ಲ. ಅವನ ಮಾತೇ ನಡೆಯುವ ಆ ಮನೆಯಲ್ಲಿ ಆಕೆಯ ಗೆಲುವು ಅಂತ ಇದ್ದದ್ದು ಅದೊಂದೇ. ಅವನು ಎದುರು ಕೂತು ಉಣ್ಣುವಾಗ ತಾಯಿಯಂಥ ಸಮಾಧಾನವೂ ಕಳ್ಳಿಯಂಥ ಖುಷಿಯೂ ಒಟ್ಟಿಗೆ ಆಗುತ್ತಿದ್ದವು.

ಹಿಂದಿನ ವರ್ಷ ಅವನ ಹೃದಯದ ಕವಾಟ ಕೆಟ್ಟಿತು. ಎದೆ ತೆರೆದು ಲೋಹದ ಕವಾಟ ಕೂರಿಸಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ರಕ್ತ ತೆಳುವಾಗಿಸುವ ಮಾತ್ರೆ ದಿನಕ್ಕೊಂದು, ಜೀವವಿರುವ ತನಕ. ತಿಂಗಳಿಗೊಮ್ಮೆ ಪರೀಕ್ಷೆ. ಮನೆಗೆ ಕಳಿಸುವ ದಿನ ನರ್ಸ್ ಒಬ್ಬಳು ಹಾಳೆ ಹಿಡಿದು ಪ್ರಶ್ನೆ ಕೇಳಿದ್ದಳು. ಕುಡೀತೀರಾ, ಇಲ್ಲ. ಸಿಗರೇಟು, ಬಿಟ್ಟು ಹತ್ತು ವರ್ಷ ಆಯ್ತು.

"ಸೊಪ್ಪು ವಾರಕ್ಕೆ ಎಷ್ಟು ಸಲ ತಿಂತೀರಿ?"

"ಸೊಪ್ಪಾ? ನಾನೇನು ಮೇಕೆನಾ? ಬುದ್ಧಿ ಬಂದ ಮೇಲೆ ಮುಟ್ಟಿಲ್ಲ."

ನರ್ಸ್ ನಕ್ಕು, "ಹಾಗಾದ್ರೆ ನಮಗೆ ಆ ತಲೆನೋವಿಲ್ಲ," ಎಂದು ಗುರುತು ಹಾಕಿ ಹಾಳೆ ತಿರುಗಿಸಿದಳು. ಪಕ್ಕದಲ್ಲಿ ಬಟ್ಟೆಯ ಗಂಟು ಹಿಡಿದು ನಿಂತಿದ್ದ ಆಕೆ, ಒಳ್ಳೆಯ ಅಭ್ಯಾಸ ಇದೆಯೋ ಇಲ್ಲವೋ ಎಂದು ಕೇಳುತ್ತಿದ್ದಾರೆ ಎಂದುಕೊಂಡಳು. ಮನೆಗೆ ಬಂದ ಮೇಲೆ, ಕೊಯ್ದ ಮೈ ಕೂಡಿಕೊಳ್ಳಬೇಕಲ್ಲ ಎಂದು ಒಂದು ಹಿಡಿ ಸೊಪ್ಪು ಹಾಕುವಲ್ಲಿ ಎರಡು ಹಿಡಿ ಹಾಕಿದಳು. ದಿನಾ ಹಾಕಿದಳು.

ರಕ್ತ ತೆಳುವಾಗಲೇ ಇಲ್ಲ. ಪ್ರತಿ ತಿಂಗಳೂ ಡಾಕ್ಟರು ಹುಬ್ಬು ಗಂಟಿಕ್ಕಿ ಮಾತ್ರೆಯ ಶಕ್ತಿ ಏರಿಸುತ್ತ ಹೋದರು. ದರ್ಜಿಗೆ ಅದೊಂದು ಹೆಮ್ಮೆಯ ಮಾತಾಯಿತು. ಅಳತೆ ಕೊಡಲು ಬಂದವರ ಹತ್ತಿರ, "ಆನೆಗೆ ಕೊಡೋವಷ್ಟು ಕೊಟ್ರೂ ನನ್ನ ರಕ್ತ ಬಗ್ಗಲ್ವಂತೆ. ಮಾಲೀಕನ ಹಾಗೇ ಹಠಮಾರಿ," ಎನ್ನುತ್ತಿದ್ದ.

ಹೀಗಿರುವಾಗ ಬೇರೆ ಊರಿನಲ್ಲಿದ್ದ ಆಕೆಯ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಎರಡು ವಾರದ ಮಟ್ಟಿಗೆ ಹೊರಡಲೇಬೇಕಾಯಿತು. ಮನೆ, ಅಡುಗೆ, ಮಾತ್ರೆ ಎಲ್ಲ ಮಗಳ ಪಾಲಿಗೆ ಬಂದವು.

ಮಗಳು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪ ಅವಳನ್ನು ಕರೆಯುತ್ತಿದ್ದದ್ದೇ ಗಡಿಬಿಡಿ ಎಂದು. ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಂದು ಚಪ್ಪಲಿ ಹಾಕಿಕೊಂಡು ಚಪ್ಪಲಿ ಅಂಗಡಿಗೇ ಹೋಗಿ ಬಂದವಳು ಅವಳು. ಇಸ್ತ್ರಿಪೆಟ್ಟಿಗೆ ಮರೆತು ಯಾರದೋ ಕೋಟಿನ ಬೆನ್ನಿಗೆ ತೂತು ಮಾಡಿದ್ದಳು. ಹೊರಡುವ ಬೆಳಿಗ್ಗೆ ಆಕೆಗೆ ಸೊಪ್ಪಿನ ವಿಷಯ ಇವಳಿಗೆ ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಮಗಳ ಬಾಯಲ್ಲಿ ಎಳ್ಳು ನೆನೆಯದು. ಎರಡು ವಾರ ತಿನ್ನದಿದ್ದರೆ ಏನು ಕಳಚಿ ಬೀಳುತ್ತದೆ ಎಂದುಕೊಂಡು, ಮಾತ್ರೆಯ ಡಬ್ಬಿಯನ್ನಷ್ಟೇ ಕೈಗೆ ಕೊಟ್ಟು ಬಸ್ಸು ಹತ್ತಿದಳು.

ಮಗಳು ಅಪ್ಪನಿಗೆ ಇಷ್ಟವಾದದ್ದನ್ನೇ ಮಾಡಿ ಹಾಕಿದಳು. ಮೊಟ್ಟೆ, ಮಾಂಸ, ಆಲೂಗಡ್ಡೆ, ಅನ್ನ. ಎಂಟನೆಯ ದಿನ ಹಲ್ಲುಜ್ಜುವಾಗ ಅವನ ವಸಡಿನಿಂದ ರಕ್ತ ಬಂತು. ಹತ್ತನೆಯ ದಿನ ಮೇಜಿನ ಅಂಚು ತಾಗಿದ ತೋಳಿನ ಮೇಲೆ ಅಂಗೈಯಗಲ ನೀಲಿ ಹಬ್ಬಿತು. "ಅಮ್ಮನಿಗೆ ಫೋನ್ ಮಾಡಿ ಊದ್ಬೇಡ. ಅಲ್ಲಿ ಅವಳಿಗೆ ಅವಳ ಅಕ್ಕನದೇ ಆಗಿದೆ," ಎಂದ. ಹನ್ನೆರಡನೆಯ ದಿನ ಸೂಜಿ ಚುಚ್ಚಿದ ಬೆರಳಿಗೆ ಚಿಂದಿ ಸುತ್ತಿ, ಅದು ಒದ್ದೆಯಾದ ಮೇಲೆ ಇನ್ನೊಂದು ಸುತ್ತಿ, ಒಂದು ಕೋಟಿನ ತೋಳು ಕತ್ತರಿಸುತ್ತಿದ್ದವನು ಕತ್ತರಿ ಕೈಬಿಟ್ಟು ಹಾಗೆಯೇ ಪಕ್ಕಕ್ಕೆ ವಾಲಿದ. ಮಧ್ಯಾಹ್ನದ ಊಟಕ್ಕೆ ಬಂದ ಮಗಳು ಅವನನ್ನು ಬಟ್ಟೆಯ ರಾಶಿಯ ಮೇಲೆ ಕಂಡಳು.

ಆಕೆ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು. ಮೆದುಳಲ್ಲಿ ರಕ್ತಸ್ರಾವ. ಜೀವ ಉಳಿಯಬಹುದು, ಬಲಗೈ ಬಲಗಾಲು ಹೋಯಿತು, ಮಾತು ಹೋಯಿತು. "ರಕ್ತ ನೀರಾಗಿಬಿಟ್ಟಿದೆ. ಇಷ್ಟು ದಿನ ಬಗ್ಗದೇ ಇದ್ದದ್ದು ಒಂದೇ ಸಲ ಹೀಗಾಗಲ್ಲ. ಮಾತ್ರೆ ಡಬಲ್ ಹೋಗಿದೆ," ಎಂದರು ಡಾಕ್ಟರು. "ಯಾರು ಕೊಡ್ತಿದ್ದಿದ್ದು?"

"ನಾನು," ಎಂದಳು ಮಗಳು.

ಮಾತ್ರೆಯ ಹಾಳೆಗಳನ್ನು ಬಿಡಿಸಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿದ್ದರಿಂದ ಲೆಕ್ಕ ನೋಡಲು ದಾರಿಯಿರಲಿಲ್ಲ. ಮಗಳು ಬೆಂಚಿನ ಮೇಲೆ ಕೂತು ಒಂದೊಂದೇ ದಿನವನ್ನು ಬಿಡಿಸಿ ನೋಡುತ್ತಿದ್ದಳು. "ಬುಧವಾರ ಕೊಟ್ಟೆ. ಆಮೇಲೆ ಕೊಟ್ಟಿಲ್ವೇನೋ ಅಂತ ಮತ್ತೆ ಕೊಟ್ಟೆ ಅನ್ಸುತ್ತೆ ಅಮ್ಮ. ನೀರು ತಂದದ್ದು ಎರಡು ಸಲ ನೆನಪಿದೆ." ಮರುದಿನ ಹೊತ್ತಿಗೆ ಅನಿಸುತ್ತೆ ಎನ್ನುವುದು ಹೋಗಿ, ಬುಧವಾರದ ಜೊತೆ ಶುಕ್ರವಾರವೂ ಸೇರಿತ್ತು. ಅಮ್ಮ ಅವಳ ಬೆನ್ನು ಸವರಿದಳು. ಮನಸ್ಸಿನೊಳಗೆ ಮಾತ್ರ, ಇಷ್ಟೊಂದು ಮರೆವಾ ನಿನಗೆ ಎಂದು ಸಿಟ್ಟು ಕುದಿಯುತ್ತಿತ್ತು.

ಮೂರನೆಯ ದಿನ ಪಕ್ಕದ ಹಾಸಿಗೆಯ ಮುದುಕನನ್ನು ಮನೆಗೆ ಕಳಿಸುತ್ತಿದ್ದರು. ಅವನಿಗೂ ಅದೇ ಮಾತ್ರೆ. ನರ್ಸ್ ಅವನ ಸೊಸೆಗೆ ಬಿಡಿಸಿ ಹೇಳುತ್ತಿದ್ದಳು. "ಸೊಪ್ಪು ಈ ಮಾತ್ರೆಗೆ ಎದುರು ಕೆಲಸ ಮಾಡುತ್ತೆ. ತಿಂದ್ರೆ ರಕ್ತ ಗಟ್ಟಿ. ದಿನಾ ತಿಂತಾ ಇದ್ದು ಒಂದೇ ಸಲ ಬಿಟ್ರೆ, ಅದೇ ಮಾತ್ರೆ ವಿಷದ ಹಾಗೆ ಏರುತ್ತೆ. ಹೆಚ್ಚು ಕಮ್ಮಿ ಮಾಡೋ ಮುಂಚೆ ನಮ್ಮನ್ನ ಕೇಳಿ."

ಗಂಡನ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದ ಆಕೆಯ ಕೈ ಅಲ್ಲಿಯೇ ಉಳಿಯಿತು. ನೀರು ಅವನ ಗಲ್ಲದ ಮೇಲೆ ಇಳಿದು ಕತ್ತಿನ ಮಡಿಕೆಗೆ ಸೇರಿತು. ನರ್ಸ್ ಹೊರಗೆ ಹೋಗುವಾಗ ಹಿಂದೆಯೇ ಹೋಗಿ, "ಈಗ ಹೇಳಿದ್ರಲ್ಲಮ್ಮ, ಇನ್ನೊಂದು ಸಲ ಹೇಳಿ," ಎಂದಳು. ನರ್ಸ್ ಹೇಳಿದಳು. ಹೇಳಿ, "ಯಾಕೆ, ನಿಮ್ಮೋರು ಸೊಪ್ಪು ತಿಂತಿರ್ಲಿಲ್ಲ ಅಂತ ಬರೆದಿದೆಯಲ್ಲ," ಎಂದಳು.

"ತಿಂತಿರ್ಲಿಲ್ಲ," ಎಂದಳು ಆಕೆ.

ಆ ಒಂದು ಮಾತು ಹೇಗೆ ಬಾಯಿಂದ ಬಂತೋ ಆಕೆಗೇ ತಿಳಿಯಲಿಲ್ಲ. ಬಂದ ಮೇಲೆ ಅದನ್ನು ವಾಪಸು ನುಂಗಲು ಆಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂತು. ಹೇಳಿದರೆ ಅವನ ಕೈ ತಿರುಗಿ ಬರುತ್ತದೆಯೇ ಎಂದುಕೊಂಡಳು. ಅವನು ಕಣ್ಣು ಬಿಟ್ಟ ದಿನ, ಇವತ್ತು ಬೇಡ, ಇವತ್ತಷ್ಟೇ ಕಣ್ಣು ಬಿಟ್ಟಿದ್ದಾನೆ ಎಂದುಕೊಂಡಳು. ಬೇಡ ಎನ್ನುವ ಮನಸ್ಸಿಗೆ ನೆಪ ನೂರೆಂಟು. ಎಲ್ಲಕ್ಕಿಂತ ಕೆಳಗೆ, ತಾನೇ ಮುಟ್ಟಿ ನೋಡಲು ಹೆದರುತ್ತಿದ್ದ ಒಂದು ನೆಪವಿತ್ತು. ಮಗಳು ಚಿಕ್ಕವಳು, ಮರೆವಿನವಳು, ಅವಳ ತಪ್ಪನ್ನು ಲೋಕ ಕ್ಷಮಿಸುತ್ತದೆ. ತನ್ನದನ್ನು ಯಾರು ಕ್ಷಮಿಸುತ್ತಾರೆ.

ಮಗಳು ಮಾತ್ರ ದಿನದಿಂದ ದಿನಕ್ಕೆ ಬೇರೆಯೇ ಆಗುತ್ತಿದ್ದಳು. ಬೀಗ ಹಾಕಿ ಬೀದಿಯ ತುದಿಗೆ ಹೋದವಳು ಹಾಕಿದೆನೋ ಇಲ್ಲವೋ ಎಂದು ವಾಪಸು ಬರುತ್ತಿದ್ದಳು. ಗ್ಯಾಸ್ ಒಲೆಯ ಗುಂಡಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಂಗಡಿಯಲ್ಲಿ ಒಬ್ಬ ಹೆಂಗಸಿಗೆ ಜೋಡಿ ಚಪ್ಪಲಿ ಕೊಡುವ ಮೊದಲು ಎಡ ಬಲ, ಎಡ ಬಲ ಎಂದು ನಾಲ್ಕು ಸಲ ನೋಡಿದ್ದಕ್ಕೆ ಮಾಲೀಕ ನಕ್ಕನಂತೆ. ಮಾತ್ರೆ ಮತ್ತೆ ಶುರುಮಾಡುವ ದಿನ ಡಾಕ್ಟರು ಸಣ್ಣ ಚೀಟಿಯನ್ನು ತಾಯಿಯ ಕೈಗೇ ಇಟ್ಟು, "ಇನ್ಮೇಲೆ ನೀವೇ ಕೊಡಿ. ಮಗಳ ಕೈಗೆ ಬೇಡ," ಎಂದರು. ಮಗಳು ಅಲ್ಲಿಯೇ ನಿಂತಿದ್ದಳು. ಹೌದು ಎಂದು ತಲೆಯಾಡಿಸಿದಳು.

ಆ ಮಧ್ಯಾಹ್ನ ಅಮ್ಮ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಬನ್ನು ತಿನ್ನುತ್ತ ಕೂತಿದ್ದರು. ಮಗಳು ತನ್ನದನ್ನು ಚೂರು ಚೂರು ಮಾಡುತ್ತಿದ್ದಳೇ ಹೊರತು ಬಾಯಿಗೆ ಹಾಕುತ್ತಿರಲಿಲ್ಲ.

"ಅಮ್ಮ, ನನ್ನ ಜೊತೆ ಕೆಲಸ ಮಾಡೋ ಹುಡುಗಿ ಒಬ್ಳು ಹಾಸ್ಟೆಲಲ್ಲಿ ಇದಾಳೆ. ಅವಳ ರೂಮಲ್ಲಿ ಒಂದು ಮಂಚ ಖಾಲಿ ಇದೆಯಂತೆ."

"ಯಾರಿಗೆ?"

"ನನಗೆ. ಅಪ್ಪ ಮನೆಗೆ ಬರೋದ್ರೊಳಗೆ ಹೋಗ್ಬಿಡ್ತೀನಿ. ನಾನು ಏನು ಮುಟ್ಟಿದ್ರೂ ಹಿಂಗೇ ಆಗುತ್ತೆ. ಅಪ್ಪ ನನ್ನ ಮುಖ ನೋಡ್ಕೊಂಡು ಹೇಗಿರ್ಬೇಕು."

ಕೆಳಗೆ ಒಬ್ಬ ಕೆಲಸದವನು ನೆಲ ಒರೆಸುತ್ತ, ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದ. ಇವರನ್ನು ಎಬ್ಬಿಸಲು ಸಂಕೋಚಪಟ್ಟು ನಡುವೆ ಎರಡು ಮೆಟ್ಟಿಲು ಬಿಟ್ಟು ಮೇಲೆ ಹೋದ.

"ನೀನು ಎರಡು ಸಲ ಕೊಟ್ಟಿಲ್ಲ," ಎಂದಳು ಆಕೆ.

"ಕೊಟ್ಟಿದೀನಿ ಅಮ್ಮ. ಬುಧವಾರ..."

"ಕೊಟ್ಟಿಲ್ಲ. ಕೊಟ್ಟಿದ್ರೂ ಅದ್ರಿಂದಲ್ಲ." ಆಮೇಲೆ ಹೇಳಿದಳು. ಮಿಕ್ಸಿಯನ್ನು, ಕಪ್ಪಗೆ ಹುರಿದ ಈರುಳ್ಳಿಯನ್ನು, ಪೇಪರಿನಲ್ಲಿ ಸುತ್ತಿದ ಕಡ್ಡಿಗಳನ್ನು, ಆಸ್ಪತ್ರೆಯಿಂದ ಬಂದ ಮೇಲೆ ಹಾಕಿದ ಎರಡೆರಡು ಹಿಡಿಯನ್ನು. ಪಕ್ಕದ ಹಾಸಿಗೆಯ ಮುದುಕನ ಸೊಸೆಗೆ ನರ್ಸ್ ಹೇಳಿದ್ದನ್ನು. ಹೇಳುವಾಗ ಎಲ್ಲಿಯೂ ಅಳಲಿಲ್ಲ. ಅತ್ತರೆ ಮಗಳು ಸಮಾಧಾನ ಮಾಡಬೇಕಾಗುತ್ತದೆ ಎನ್ನುವಷ್ಟು ವಿವೇಕ ಆಕೆಗೆ ಉಳಿದಿತ್ತು.

ಮಗಳು ಬನ್ನಿನ ಚೂರುಗಳನ್ನು ಪೇಪರಿನಲ್ಲಿ ಮುದುರಿದಳು.

"ನಿನಗೆ ಯಾವತ್ತು ಗೊತ್ತಾಯ್ತು?"

"ಮೂರನೇ ದಿನ."

"ಇವತ್ತು ಹದಿನಾಲ್ಕನೇ ದಿನ."

ಆಕೆ ತಲೆ ತಗ್ಗಿಸಿದಳು.

"ಸೊಪ್ಪು ಹಾಕಿದ್ದು ಬಿಡು ಅಮ್ಮ. ಅದು ನಿನಗೂ ಗೊತ್ತಿರ್ಲಿಲ್ಲ." ಮಗಳ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಹನ್ನೊಂದು ದಿನ ನನ್ನ ಪಕ್ಕ ಕೂತಿದ್ದೆ. ನನ್ನ ಬೆನ್ನು ಸವರ್ತಾ ಇದ್ದೆ."

ಮಗಳು ಎದ್ದು ನಿಂತಳು, ಅಮ್ಮನನ್ನು ಎಬ್ಬಿಸಲು ಕೈ ಚಾಚಲಿಲ್ಲ. "ಡಾಕ್ಟ್ರು ಇನ್ನೂ ಇದಾರೆ. ಬಾ. ನನ್ನ ಎದುರಿಗೆ ಹೇಳು," ಎಂದಳು.

ಡಾಕ್ಟರು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಹಳೆಯ ಕಾಗದಗಳನ್ನು ತಿರುವಿ, ತಿಂಗಳು ತಿಂಗಳೂ ತಾವೇ ಏರಿಸುತ್ತ ಬಂದ ಮಾತ್ರೆಯ ಪ್ರಮಾಣದ ಮೇಲೆ ಬೆರಳಾಡಿಸಿದರು. "ಸೊಪ್ಪು ತಿನ್ನಬಾರದು ಅಂತೇನಿಲ್ಲಮ್ಮ. ತಿಂದ್ರೆ ದಿನಾ ಒಂದೇ ಸಮ ತಿನ್ಬೇಕು, ಬಿಟ್ರೆ ಪೂರ್ತಿ ಬಿಡ್ಬೇಕು. ನಮಗೆ ಗೊತ್ತಿರ್ಬೇಕು, ಅಷ್ಟೇ," ಎಂದರು. ಆಮೇಲೆ ಮಗಳ ಕಡೆ ತಿರುಗಿ ಏನೋ ಹೇಳಲು ಹೋದರು. ಅವಳು ಅಷ್ಟರಲ್ಲಿ ಬಾಗಿಲು ದಾಟಿದ್ದಳು.

ಅವನನ್ನು ಮನೆಗೆ ತಂದದ್ದು ಆ ವಾರದ ಕೊನೆಗೆ. ಮುಂದಿನ ಕೋಣೆಯಿಂದ ಮಷೀನು ಸರಿಸಿ ಮಂಚ ಹಾಕಿದರು. ಅಳತೆ ಕೊಟ್ಟವರು ಒಬ್ಬೊಬ್ಬರಾಗಿ ಬಂದು, ಕತ್ತರಿಸಿದ ಆದರೆ ಹೊಲಿಯದ ಬಟ್ಟೆಗಳನ್ನು ಮಡಿಚಿ ಒಯ್ದರು. ಹೋಗುವಾಗ ಮಂಚದ ಕಡೆ ನೋಡಿ, ಬೇಗ ವಾಸಿ ಆಗುತ್ತೆ ಬಿಡಿ ಎನ್ನುತ್ತಿದ್ದರು. ಮಗಳು ಹಾಸ್ಟೆಲಿಗೆ ಹೋಗಲಿಲ್ಲ. ಹೋಗಲಿಲ್ಲ ಎಂದರೆ ತಾಯಿಗಾಗಿ ಉಳಿದಳೆಂದಲ್ಲ. ಹೊರಗೆ ಉಂಡು ಬರುತ್ತಿದ್ದಳು, ಅಪ್ಪನ ಕಾಲು ನೀವುತ್ತಿದ್ದಳು, ಅಮ್ಮನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. "ಅಪ್ಪನಿಗೆ ಹೇಳಿದ್ಯಾ?" ಎಂದು ಎರಡು ದಿನಕ್ಕೊಮ್ಮೆ ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಆಕೆ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಅವನ ಎಡಗಣ್ಣು ಪೂರ್ತಿ ತೆರೆದಿತ್ತು, ಬಲಗಣ್ಣು ಅರ್ಧ. ಮಾತು ಹೋಗಿದ್ದರೂ ಕಿವಿ, ಬುದ್ಧಿ ಎರಡೂ ನೆಟ್ಟಗಿವೆ ಎಂದು ಡಾಕ್ಟರು ಹೇಳಿದ್ದರು.

"ರೀ, ಒಂದು ಮಾತು ಹೇಳ್ಬೇಕು," ಎಂದು ಶುರುಮಾಡಿದಳು. ಮಗಳಿಗೆ ಹೇಳಿದಷ್ಟು ಸರಾಗವಾಗಿ ಬರಲಿಲ್ಲ. ಒಂದು ಕಡೆ ನಿಂತು, ಹಿಂದೆ ಹೋಗಿ, ಮತ್ತೆ ಮುಂದೆ ಬಂದು ಹೇಳಿದಳು. "ಮಗೂದೇನೂ ತಪ್ಪಿಲ್ಲ. ಎಲ್ಲ ನಾನೇ," ಎಂದಳು. ಅವನು ಕೇಳುತ್ತಿದ್ದ. ಇಪ್ಪತ್ತೆರಡು ವರ್ಷ ಎಂದಾಗ ಅವನ ಗಂಟಲಿನಲ್ಲಿ ಒಂದು ಸದ್ದು ಹುಟ್ಟಿತು. ಸಿಟ್ಟೋ ಪ್ರಶ್ನೆಯೋ ಗೊತ್ತಾಗದಂಥ, ಬಾಗಿಲು ನೆಲಕ್ಕೆ ಉಜ್ಜಿದಂಥ ಸದ್ದು. ಆಮೇಲೆ ಅವನು ಮುಖವನ್ನು ನಿಧಾನಕ್ಕೆ ಗೋಡೆಯ ಕಡೆ ತಿರುಗಿಸಿದ. ಆ ದಿನ ಆಕೆ ಬಾಯಿಗೆ ಹಿಡಿದದ್ದು ಯಾವುದನ್ನೂ ತಿನ್ನಲಿಲ್ಲ. ಸಂಜೆ ಮಗಳು ಬಂದು ಕೊಟ್ಟ ಬಿಸ್ಕತ್ತು ತಿಂದ. ಅವಳ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಅವಳು ಬಿಡಿಸಿಕೊಳ್ಳುವ ತನಕ ಬಿಡಲಿಲ್ಲ.

ಹಗಲೆಲ್ಲ ಮಗಳು ಮನೆಯಲ್ಲಿರುವಂತಿರಲಿಲ್ಲ. ಹಸಿವು ಯಾರಿಗೂ ಸೋಲುವುದಿಲ್ಲ. ಮೂರನೆಯ ಮಧ್ಯಾಹ್ನ ಆಕೆ ಅಡುಗೆಮನೆಯ ಬಾಗಿಲು ಪೂರ್ತಿ ತೆರೆದು ಒಲೆ ಹಚ್ಚಿದಳು.

"ಅಕ್ಕಿ ಹಾಕಿದೆ," ಎಂದಳು, ಮಂಚಕ್ಕೆ ಕೇಳುವಷ್ಟು ಗಟ್ಟಿಯಾಗಿ. "ಬೇಳೆ ಹಾಕಿದೆ. ಒಂದು ಆಲೂಗಡ್ಡೆ." ಹೇಳಿಕೊಂಡು ಅಡುಗೆ ಮಾಡುವುದು ಹೊಸದಾದ್ದರಿಂದ ನಾಚಿಕೆಯಾಗುತ್ತಿತ್ತು. "ಸೊಪ್ಪು ಹಾಕ್ಲಾ ಬೇಡ್ವಾ, ಹೇಳಿ. ಎರಡೂ ಆಗುತ್ತೆ ಅಂದಿದಾರೆ ಡಾಕ್ಟ್ರು," ಎಂದು ಬಾಗಿಲಿಗೆ ಬಂದು ನಿಂತಳು. ಅವನ ಎಡಗೈ ಹೊದಿಕೆಯ ಮೇಲೆ ಒಮ್ಮೆ ಅಡ್ಡಕ್ಕೆ ಆಡಿತು. ಬೇಡ. "ಆಯ್ತು. ಇಲ್ಲ," ಎಂದು ಒಳಗೆ ಹೋದಳು. "ಉಪ್ಪು. ಅಷ್ಟೇ."

ಬೆಂದದ್ದನ್ನು ಮಸೆದು ಬಟ್ಟಲಿಗೆ ಹಾಕಿ, ಆರಿಸಿ ತಂದಳು. ಅವನ ತಲೆಯ ಹಿಂದೆ ದಿಂಬು ಏರಿಸಿ ಕೂರಿಸಿದಳು. ಒಂದು ಚಮಚ ತುಂಬಿಸಿ ಬಾಯಿಯ ಹತ್ತಿರ ಹಿಡಿದಳು. ಅವನು ಬಾಯಿ ತೆರೆಯಲಿಲ್ಲ. ಎಡಗೈ ಎತ್ತಿ ಆಕೆಯ ಬೆರಳುಗಳಿಂದ ಚಮಚವನ್ನು ತೆಗೆದುಕೊಂಡ. ತೆಗೆದುಕೊಳ್ಳುವುದಕ್ಕೇ ಎರಡು ಸಲ ಪ್ರಯತ್ನ ಬೇಕಾಯಿತು. ಅದರಲ್ಲಿದ್ದದ್ದನ್ನು ತಿರುಗಿ ಬಟ್ಟಲಿಗೆ ಸುರಿದ. ಆಮೇಲೆ ಚಮಚವನ್ನು ಅನ್ನದೊಳಗೆ ಇಳಿಸಿ, ತಳ ಮುಟ್ಟಿಸಿ, ಮೇಲೆ ಕೆಳಗೆ ಮಾಡಿ ನೋಡತೊಡಗಿದ. ಒಂದು ಬದಿ ಮುಗಿಸಿ ಇನ್ನೊಂದು ಬದಿ. ಅಭ್ಯಾಸವಿಲ್ಲದ ಕೈಯಲ್ಲಿ ಚಮಚ ಬಟ್ಟಲಿನ ಅಂಚಿಗೆ ತಾಗಿ ತಾಗಿ ಸದ್ದಾಗುತ್ತಿತ್ತು. ಆಕೆ ಬಟ್ಟಲು ಅಲುಗದ ಹಾಗೆ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಕೂತಳು.